ತೂಕ ಹೆಚ್ಚಾದ ಕಾಯಿ

ಅನುಮಾನ ನನ್ನ ಹುಟ್ಟುಗುಣ. ಸಂತೆಯಲ್ಲಿ ಸೌತೆಕಾಯಿ ಕೊಂಡರೂ ತುದಿ ಕಚ್ಚಿ ನೋಡದೆ ಚೀಲಕ್ಕೆ ಹಾಕಿದವಳಲ್ಲ. ಅಂಗನವಾಡಿ ಶಿಕ್ಷಕಿಯರಿಗೆ ತರಬೇತಿ ಕೊಡುವ ಕೆಲಸಕ್ಕೆ ಸೇರಿದ ಮೇಲೆ ಈ ಗುಣ ಇನ್ನಷ್ಟು ಬಲಿಯಿತು. ಅವರು ತರುವ ದಾಖಲೆ ಪುಸ್ತಕಗಳಲ್ಲಿ ಮಕ್ಕಳು ಹೇಳಿದ್ದೆಷ್ಟು, ಟೀಚರ್ ಮನೆಯಲ್ಲಿ ಕೂತು ಕಟ್ಟಿದ್ದೆಷ್ಟು ಅಂತ ಹುಡುಕುವುದೇ ನನ್ನ ಚಟ.

ತಿಪಟೂರಿನಲ್ಲಿ ನಡೆದ ಮೊದಲ ತರಬೇತಿಯಲ್ಲಿ ಒಬ್ಬೊಬ್ಬರಿಗೂ ಸಿಪ್ಪೆ ಸುಲಿಯದ ಒಂದೊಂದು ತೆಂಗಿನಕಾಯಿ ಕೊಟ್ಟೆ. ನಮ್ಮ ಕಡೆ ಕಾಯಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಕೂತು, ಒಳಗಿನ ನೀರು ಇಂಗಿ, ತಾನಾಗಿಯೇ ಕೊಬ್ಬರಿಯಾಗುತ್ತದೆ. ಎಲ್ಲರೂ ಕಂಡದ್ದೇ ಆದ್ದರಿಂದ ತೂತಿಲ್ಲದ ಕಾಯಿಯಿಂದ ನೀರು ಎಲ್ಲಿ ಹೋಯಿತು ಅಂತ ಯಾರೂ ಕೇಳುವುದಿಲ್ಲ. ಮಕ್ಕಳು ಕೇಳಲಿ ಅಂತ ನನ್ನ ಆಸೆ. ವಾರಕ್ಕೊಮ್ಮೆ ಅವರೇ ಕಾಯಿ ಅಲ್ಲಾಡಿಸಲಿ, ಅಂಗನವಾಡಿಯಲ್ಲಿ ಮಕ್ಕಳನ್ನು ತೂಗುವ ಯಂತ್ರದಲ್ಲೇ ಅದನ್ನೂ ತೂಗಲಿ. ನೀವು ಉತ್ತರ ಹೇಳಬೇಡಿ, ಕಾರಣ ಬರೆಯಬೇಡಿ, ಕಂಡದ್ದು ಕೇಳಿದ್ದಷ್ಟೇ ಬರೆಯಿರಿ ಅಂದೆ. ನಾನೂ ಮನೆಯಲ್ಲಿ ಒಂದು ಕಾಯಿ ಇಟ್ಟು ತೂಗುತ್ತೇನೆ ಅಂತ ಮಾತು ಕೊಟ್ಟೆ.

ಆರು ತಿಂಗಳಾದ ಮೇಲೆ ಮುಂದಿನ ತರಬೇತಿಗೆ ಎಲ್ಲರೂ ಪುಸ್ತಕ ಹಿಡಿದು ಬಂದರು. ಎಲ್ಲರ ಕಾಯಿಯೂ ವಾರವಾರಕ್ಕೂ ಅಚ್ಚುಕಟ್ಟಾಗಿ ತೂಕ ಇಳಿಸಿಕೊಂಡಿತ್ತು, ನಾನು ತರಬೇತಿ ಕೋಣೆಯ ಗೋಡೆಗೆ ಅಂಟಿಸಿದ್ದ ನನ್ನ ಕಾಯಿಯ ತೂಕದ ಪಟ್ಟಿಯ ಹಾಗೆಯೇ. ದಂಡಿನಶಿವರದ ಕಡೆಯ ಒಬ್ಬ ಹಿರಿಯ ಟೀಚರ್ ಪುಸ್ತಕದಲ್ಲಿ ಮಾತ್ರ ಒಂದು ವಾರ ತೂಕ ಇದ್ದಕ್ಕಿದ್ದಂತೆ ಏರಿತ್ತು. ಎಲ್ಲರೂ ನಕ್ಕರು. ಸುಳ್ಳು ಬರೆಯುವುದಕ್ಕೂ ಬರಲಿಲ್ಲವಲ್ಲ ಅಂತ ನಾನೂ ಒಳಗೊಳಗೇ ನಕ್ಕೆ. ಆಕೆ ತಲೆ ತಗ್ಗಿಸಲಿಲ್ಲ, ಅದೇ ನನ್ನ ಅನುಮಾನವನ್ನು ಹೆಚ್ಚಿಸಿತು. ದಾಖಲೆ ಸುಳ್ಳು ಅಂತ ನಾನು ಒಂದು ಸಾಲು ಬರೆದರೆ ಆಕೆಗೆ ನೋಟಿಸ್ ಹೋಗುತ್ತಿತ್ತು. ನಿವೃತ್ತಿಗೆ ಉಳಿದಿದ್ದದ್ದು ಒಂದೇ ವರ್ಷ.

ಬರೆಯುವ ಮುಂಚೆ ಕಣ್ಣಾರೆ ನೋಡೋಣ ಅಂತ ಒಂದು ಬೆಳಿಗ್ಗೆ ಹೇಳದೆ ಕೇಳದೆ ಆಕೆಯ ಅಂಗನವಾಡಿಗೆ ಹೋದೆ.

"ಕಳ್ಳತನ ಹಿಡಿಯಾಕೆ ಬಂದ್ರಾ ಮೇಡಂ?" ಅಂದರು ಟೀಚರ್, ನನಗೆ ಚಾಪೆ ಹಾಸುತ್ತಾ.

"ತೂಕ ಹೆಂಗೆ ಜಾಸ್ತಿ ಆಯ್ತು, ಹೇಳಿ," ಅಂದೆ.

"ಕಾರಣ ಬರೀಬೇಡಿ ಅಂದೋರು ನೀವೇ ಅಲ್ವಾ? ಅಗಾ, ಅಲ್ಲವ್ಳೆ, ಅವಳ್ನೇ ಕೇಳ್ಕಳಿ."

ಕಿಟಕಿಯ ಪಕ್ಕ ನಾಲ್ಕು ವರ್ಷದ ಒಬ್ಬ ಹುಡುಗಿ ಕಾಯಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಾನು ಹತ್ತಿರ ಹೋದದ್ದೇ ಕಾಯಿಯನ್ನು ಇನ್ನೂ ಬಿಗಿಯಾಗಿ ಹಿಡಿದಳು. ಅನುಮಾನದಲ್ಲಿ ನನಗಿಂತ ಒಂದು ಕೈ ಮೇಲೆ.

"ಅದ್ಕೆ ಬಾಯಾರಿತ್ತು," ಅಂದಳು. "ಬಕೀಟ್‌ನಾಗೆ ಹಾಕ್ದೆ."

"ಶನಿವಾರ ನಂಗೆ ಕಾಣ್ದಂಗೆ ಹಾಕವ್ಳೆ ಕಣ್ರೀ," ಅಂದರು ಟೀಚರ್. "ಸೋಮವಾರ ಬಂದು ನೋಡಿದ್ರೆ ತೇಲ್ತಾ ಐತೆ. ತೂಗಿ ಅಂದ್ಲು, ತೂಗ್ದೆ. ಬಂದಿದ್ದು ಬರ್ದೆ."

"ನೀರು ಒಳಿಕೆ ಹೋಗ್ಲಿಲ್ಲ," ಅಂದಳು ಹುಡುಗಿ. "ಅಲ್ಲಾಡ್ಸಿ ನೋಡ್ದೆ. ಸಿಪ್ಪೆನೇ ಎಲ್ಲಾ ಕುಡ್ಕಂಬುಡ್ತು."

ಉಳಿದವರ ಅಚ್ಚುಕಟ್ಟಾದ ಪುಸ್ತಕಗಳು ನೆನಪಾದವು. ಅಷ್ಟೊಂದು ಮಕ್ಕಳ ಕೈಗೆ ಸಿಕ್ಕ ಕಾಯಿಗಳಲ್ಲಿ ಒಂದೂ ನೀರಿಗೆ ಬೀಳಲಿಲ್ಲ, ಒಂದೂ ಕಳೆದುಹೋಗಲಿಲ್ಲ ಅಂದರೆ ಅನುಮಾನ ಪಡಬೇಕಾಗಿದ್ದದ್ದು ಅಲ್ಲಿ. ಆಕೆಯ ಮೇಲೆ ಬರೆಯುವ ಮಾತು ಅಲ್ಲಿಗೆ ಮುಗಿಯಿತು. ಎದ್ದು ಹೊರಡಬೇಕು ಅನ್ನುವಷ್ಟರಲ್ಲಿ ಹುಡುಗಿ ಕೇಳಿದಳು:

"ನಿಮ್ ಕಾಯಿ ಹೆಂಗೈತೆ?"

"ಮೇಡಂ ಮನೇಲೂ ಒಂದೈತೆ ಅಂತ ನಾನೇ ಹೇಳಿದ್ದೆ," ಅಂದರು ಟೀಚರ್.

ಚೆನ್ನಾಗಿದೆ ಅಂದುಬಿಡಬಹುದಿತ್ತು. ಬಾಯಿತನಕ ಬಂದಿತ್ತು ಕೂಡ. ಮೂರನೇ ವಾರ ಮನೆಗೆ ನೆಂಟರು ಬಂದಾಗ ಆ ಕಾಯಿ ಸುಲಿದಿದ್ದೆ. ಗೋಡೆಯ ಪಟ್ಟಿಯನ್ನು ಒಂದೇ ಮಧ್ಯಾಹ್ನ ಕೂತು ಅಂದಾಜಿನಲ್ಲಿ ತುಂಬಿದ್ದೆ. ಹುಡುಗಿ ಕಣ್ಣು ಮಿಟುಕಿಸದೆ ನೋಡುತ್ತಲೇ ಇದ್ದಳು.

"ಚಟ್ನಿ ಮಾಡ್ಬಿಟ್ಟೆ ಕಣಮ್ಮ," ಅಂದೆ. "ತೂಕ ಸುಮ್ನೆ ಬರ್ದೆ."

ಅವಳು ನಗಲಿಲ್ಲ. ಟೀಚರ್ ಕಡೆ ತಿರುಗಿ, "ಬರ್ಕಳಿ ಟೀಚರ್," ಅಂದಳು.

ಟೀಚರ್ ಪುಸ್ತಕ ತೆಗೆದು, ನನ್ನ ಮುಖ ನೋಡದೆ, ಬರೆದುಕೊಂಡರು.