ಸಿಟ್ಟಿನ ಕನ್ನಡ ಮಿಸ್

ಸಿಟ್ಟು ಬಂದರೆ ನಮ್ಮ ಕನ್ನಡ ಮಿಸ್‌ಗೆ ಮೊದಲು ಕೆಂಪಾಗುತ್ತಿದ್ದುದು ಕಿವಿ. ಕನಕಪುರ ತಾಲ್ಲೂಕಿನ ನಮ್ಮೂರ ಶಾಲೆಯಲ್ಲಿ ನಾವು ಮಕ್ಕಳು ಬೋರ್ಡು ನೋಡುವ ಮೊದಲು ಅವರ ಕಿವಿ ನೋಡುತ್ತಿದ್ದೆವು.

ಆರನೇ ಕ್ಲಾಸಿಗೆ ಬಂದರೂ ನನಗೆ ಓದಲು ಬರುತ್ತಿರಲಿಲ್ಲ. ಬೋರ್ಡಿನ ಮೇಲಿದ್ದುದನ್ನು ರಂಗೋಲಿ ಬಿಡಿಸಿದಂತೆ ಮುದ್ದಾಗಿ ಇಳಿಸಿಕೊಳ್ಳುತ್ತಿದ್ದೆ, ಅಷ್ಟೇ. ಅದಕ್ಕೇ ಪ್ರತಿ ವರ್ಷ ಪಾಸು ಮಾಡಿದ್ದರು. ಹೊಸದಾಗಿ ಬಂದ ಮಿಸ್ ಪುಸ್ತಕ ಕೊಟ್ಟು ಓದಲು ಹೇಳಿದರು. ಬಾಯಿಪಾಠ ಒಪ್ಪಿಸಿದೆ. ಅವರು ಪುಟ ತಿರುವಿದರು. ನಾನು ಹಳೇ ಪಾಠವನ್ನೇ ಮುಂದುವರಿಸಿದೆ. ಕ್ಲಾಸೆಲ್ಲ ನಕ್ಕಿತು. ಅವರ ಕಿವಿ ಕೆಂಪಾಯಿತು. ಏಟು ಬೀಳುತ್ತದೆಂದು ಕೈ ಚಾಚಿದೆ.

"ಕೈ ಇಳಿಸವ್ವ. ಹೊಡೀಬೇಕಾದ್ದು ನಿನಗಲ್ಲ," ಅಂದರು.

ಅಂದಿನಿಂದ ನನ್ನಂಥ ಕೆಲವರು ಮಧ್ಯಾಹ್ನ ತಟ್ಟೆ ತೊಳೆದ ತಕ್ಷಣ ಅವರ ಮುಂದೆ ಕೂರಬೇಕು. ಅಷ್ಟು ದೊಡ್ಡವರಾಗಿ ಅಆಇಈ ಹೇಳಲು ನಮಗೆ ನಾಚಿಕೆ. ಅದಕ್ಕೆ ಬಸ್ಸಿನ ಬೋರ್ಡುಗಳಿಂದ ಶುರು ಮಾಡಿಸಿದರು. ಹಾರೋಹಳ್ಳಿ, ಸಾತನೂರು, ರಾಮನಗರ.

ತಪಾಸಣೆಗೆ ಸಾಹೇಬರು ಬರುವ ಹಿಂದಿನ ದಿನ ಹೆಡ್ಮೇಷ್ಟ್ರು ನಮ್ಮನ್ನು ಕರೆದು, "ನಾಳೆ ನೀವು ಬರಬ್ಯಾಡಿ," ಅಂದರು. ನನಗೆ ಖುಷಿಯೋ ಖುಷಿ. ಮಾರನೇ ದಿನ ಅಪ್ಪನ ಜೊತೆ ಕುರಿ ಹೊಡೆದುಕೊಂಡು ಹೋದೆ. ಮಿಸ್ ಸ್ಕೂಟರಿನಲ್ಲಿ ಹೊಲದ ತನಕ ಬಂದರು. ಹಾಗೇ ಹತ್ತಿಸಿಕೊಂಡು ಹೋಗಿ ಮುಂದಿನ ಬೆಂಚಿನಲ್ಲಿ ಕೂರಿಸಿದರು.

ಸಾಹೇಬರು ಒಳಗೆ ಬಂದೊಡನೆ ಮಿಸ್ ಹೇಳಿದರು: "ಸರ್, ಇವಳು ಆರನೇ ಕ್ಲಾಸು. ಓದೋಕೆ ಬರಲ್ಲ. ದಡ್ಡಿ ಅಲ್ಲ, ಯಾರೂ ಕಲಿಸಿಲ್ಲ. ಬರ್ಕೊಳ್ಳಿ."

ಸಾಹೇಬರು ಏನೂ ಬರೆದುಕೊಳ್ಳದೆ ಟೀ ಕುಡಿದು ಹೊರಟರು. "ಸ್ಕೂಲಿನ ಮಾನ ಕಳೆದುಬುಟ್ರಲ್ಲ ಮೇಡಂ!" ಎಂದು ಹೆಡ್ಮೇಷ್ಟ್ರು ಕೂಗಾಡಿದರು.

"ಮಾನ ಇವತ್ತು ಹೋಗಿದ್ದಲ್ಲ ಸಾರ್. ಈ ಮಕ್ಕಳನ್ನ ಸುಮ್ಮನೆ ಪಾಸು ಮಾಡ್ತಾ ಬಂದ್ರಲ್ಲ, ಆವಾಗಲೇ ಹೋಯ್ತು."

ಎಲ್ಲರೆದುರು ನನಗೆ ಓದೋಕೆ ಬರಲ್ಲ ಅಂದರೆಂದು ನಾನು ಅತ್ತೆ. ಸಂಜೆ ಮಿಸ್ ಪಕ್ಕ ಬಂದು ಕೂತರು. "ನನ್ ಮೇಲೆ ಕ್ವಾಪನಾ? ಇರ್ಲಿ. ಆ ಕ್ವಾಪ ಇಟ್ಕಂಡೇ ಓದು."

ಓದಿದೆ. ಆ ವರ್ಷ ಮುಗಿಯುವಷ್ಟರಲ್ಲಿ ರೇಷನ್ ಅಂಗಡಿ ಗೋಡೆಯ ನೋಟಿಸನ್ನು ಅವ್ವನಿಗೆ ಓದಿ ಹೇಳಿದೆ. ಬೇಸಿಗೆ ರಜೆಯಲ್ಲೇ ಮಿಸ್‌ಗೆ ಮಾಗಡಿ ಕಡೆಯ ಯಾವುದೋ ಮೂಲೆಗೆ ವರ್ಗವಾಯಿತು. ನನ್ನ ಜೊತೆ ಕೂರುತ್ತಿದ್ದ ಇಬ್ಬರು ಹುಡುಗಿಯರಿಗೆ ಇನ್ನೂ ಒತ್ತಕ್ಷರ ಬಂದಿರಲಿಲ್ಲ. ಮತ್ತೆ ಯಾರೂ ಅವರನ್ನು ಕೂರಿಸಿಕೊಳ್ಳಲಿಲ್ಲ. ಏಳಕ್ಕೇ ಶಾಲೆ ಬಿಟ್ಟರು. ಇವತ್ತಿಗೂ ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತುತ್ತಾರೆ.

ಹೋದ ವರ್ಷ ಮಿಸ್ ತೀರಿಕೊಂಡರು. ನಮ್ಮೂರ ಶಾಲೆಯಲ್ಲಿ ಸಂತಾಪ ಸಭೆ ಇಟ್ಟಿದ್ದರು. ಬಿಡದಿಯ ಫ್ಯಾಕ್ಟರಿಯಲ್ಲಿ ಶಿಫ್ಟು ಮುಗಿಸಿ ನೇರ ಅಲ್ಲಿಗೇ ಹೋದೆ. ರಿಟೈರಾದ ಅದೇ ಹೆಡ್ಮೇಷ್ಟ್ರು ಮೈಕಿನಲ್ಲಿ, "ಬಹಳ ಶಾಂತ ಸ್ವಭಾವದ ಶಿಕ್ಷಕಿ, ಎಲ್ಲರೊಂದಿಗೂ ಹೊಂದಿಕೊಂಡು ಹೋಗುತ್ತಿದ್ದರು," ಅನ್ನುತ್ತಿದ್ದರು.

ಕೂತಿರಲು ಆಗಲಿಲ್ಲ. ಎದ್ದು ನಿಂತೆ.

"ಸುಳ್ಳು ಹೇಳಬ್ಯಾಡಿ ಸಾರ್. ಅವರು ಹೊಂದಿಕೊಂಡು ಹೋಗಿದ್ರೆ ನಂಗೆ ಇವತ್ತಿಗೂ ಓದೋಕೆ ಬತ್ತಿರಲಿಲ್ಲ."