ಮಾಳಿಗಿ ಮ್ಯಾಲಿನ ಹೊಗಿ ಕೊಳವಿ

ನಾ ಹೇಳೂದನ್ನ ನೀವು ನಂಬಾಂಗಿಲ್ಲ. ನಂಬಿದ್ರ ನನ್ನ ಮೀಸಿ ಬೋಳಿಸ್ರಿ. ಮೊನ್ನೆ ಸಂಶಿ ಹಾದ್ಯಾಗ ಚಾದಂಗಡ್ಯಾಂವ ತೊಯ್ದ ಹತ್ತಿಕಟಗಿ ಒಲಿಗೆ ತುರುಕಿದ್ದ. ಆ ಹೊಗಿ ವಾಸನಿ ಮೂಗಿಗೆ ಬಡದದ್ದ ತಡ, ಊರೆಲ್ಲಾ ನಗಸಾಂವ ನಾನು, ಅರವತ್ತರ ಮುದುಕ, ಚಾ ಕೆಳಗಿಟ್ಟು ಗ್ವಾಡಿ ಕಡೆ ಮಾರಿ ಮಾಡಿ ಕುಂತೆ.

ಎಂಬತ್ತನೇ ಇಸ್ವಿ ಆಜೂಬಾಜೂ ಮಾತಿದು. ನಮ್ಮದು ನವಲಗುಂದ ಸೀಮಿ, ಮಣ್ಣಿನ ಮಾಳಿಗಿ ಮನಿ. ಒಂದರ ಮಾಳಿಗಿ ಇನ್ನೊಂದಕ್ಕ ಅಂಟಿ, ಓಣಿ ಈ ತುದಿಯಿಂದ ಆ ತುದಿಗೆ ನೆಲಾ ಮುಟ್ಟಲಾರದ ಹೋಗಬಹುದಿತ್ತು. ಬೆಳಕು ಬರೂದೂ ಹೊಗಿ ಹೋಗೂದೂ ಮಾಳಿಗಿಯ ಬೆಳಕಿಂಡಿಯಿಂದ. ಮಳಿ ಬಂತಂದ್ರ ಮ್ಯಾಲೆ ಓಡಿ ಅದನ್ನ ಮುಚ್ಚಬೇಕು. ಓಣಿಯ ಕಿಂಡಿ ಎಲ್ಲಾ ಮುಚ್ಚಾಂವ ನಾನ. ಮೊದಲನೇ ಹನಿ ಬಿದ್ದು ಎರಡನೇದು ಬೀಳೂದರೊಳಗ ಹನ್ನೊಂದು ಕಿಂಡಿ. ಮುಚ್ಚೂಕಿಂತ ಮೊದಲ ಒಳಗ ಬಗ್ಗಿ ಬೆಕ್ಕಿನಂಗ ಒದರಿ ಹೆಣ್ಮಕ್ಕಳ ಕೈಯಾಗಿನ ರೊಟ್ಟಿ ಬೀಳಸತಿದ್ದೆ, ಅದು ಬ್ಯಾರೆ.

ಅವ್ವ ನಾ ಕೂಸಿದ್ದಾಗ ತೀರಿಕೊಂಡಿದ್ದಳು. ನನಗಿದ್ದಾಕಿ ಆಯಿ, ಅಪ್ಪನ ಅವ್ವ. ಹಣಿಗೆ ವಿಭೂತಿ, ಕೈಯಾಗ ಊದುಗೊಳವಿ. ರೊಟ್ಟಿ ಬಡದು ಬಡದು ಆಕಿ ಎದಿಯೆಲ್ಲಾ ಹೊಗಿ. ಕೆಮ್ಮು ಬಂದ್ರ ಒಲಿಮುಂದ ಕುಂತಲ್ಲೇ ಮುದ್ದಿ ಆಗಿಬಿಡಾಕಿ. ಒಂದು ಬ್ಯಾಸಗ್ಯಾಗ ದುಮ್ಮವಾಡದಿಂದ ಅತ್ತಿ, ಅಪ್ಪನ ಅಕ್ಕ, ಬಂದು ಇದನ್ನ ನೋಡಿದಳು. "ಏನೋ, ನಮ್ಮವ್ವನ್ನ ಹೊಗಿಯೊಳಗ ಒಣಗಸಾಕ ಇಟ್ಟೀಯೇನು? ಪಂಚಮಿಗೆ ಬರತೇನಿ. ಅಷ್ಟರಾಗ ಹೊಗಿಗೆ ಹಾದಿ ಮಾಡು. ಇಲ್ಲಂದ್ರ ಕರಕೊಂಡು ಹೋಗತೇನಿ, ತಿರುಗಿ ಕಳಸಾಂಗಿಲ್ಲ," ಅಂತ ಅಪ್ಪಗ ಹೇಳಿ ಹೋದಳು. ಆಯಿ ಹೋದ್ರ ಮನ್ಯಾಗ ನಾನು, ಮಾತಾಡದ ಅಪ್ಪ, ಎರಡು ಎತ್ತು.

ಸಿಮೆಂಟ್ ಕೊಳವಿ ತರೂ ತಾಕತ್ತು ನಮಗಿರಲಿಲ್ಲ. ನಾ ಓಣಿ ತಿರುಗಿ ತೂತು ಬಿದ್ದ ಎಣ್ಣಿ ಡಬ್ಬಿ ಕೂಡಿಸಿದೆ. ಕೆಲವಕ್ಕ ತೂತು ಇರಲಿಲ್ಲ, ನಾನ ಹೊಡದೆ. ತಗಡಿನ ಕೆಲಸದ ಮಕ್ತುಮ ಕಾಕಾ ಒಂದು ಬುಟ್ಟಿ ಜ್ವಾಳಕ್ಕ ಒಪ್ಪಿದ. "ಬೆಸಿಗಿ ಹಾಕಿಬಿಡು ಕಾಕಾ, ಜಲ್ದಿ ಆಗತೈತಿ," ಅಂದೆ. "ನಿನ್ನ ಬಾಯಿಗೆ ಹಾಕತೇನಿ ಬೆಸಿಗಿ. ಒಲಿ ಕಾವಿಗೆ ಕರಗಿ ಕೊಳವಿ ಬಿಚ್ಚಿದ್ರ ಬೆಂಕಿ ಯಾರ ತಲಿಮ್ಯಾಲೆ ಬೀಳತೈತಿ ಲೇ?" ಅಂತ ತಗಡಿನ ಅಂಚಿಗೆ ಅಂಚು ಮಡಚಿ ಬಡದ. ಮಾಳಿಗಿ ತೂತನ್ನ ತೊಲಿಯಿಂದ ಎರಡು ಗೇಣು ದೂರ ಕೊರಿಸಿದ. ಮಾಳಿಗಿ ಮಣ್ಣಿನ ಕೆಳಗ ಒಣ ಹುಲ್ಲು ಇರತೈತಿ. ಅದಕ್ಕ ಕಾವು ತಾಕಬಾರದಂತ ತಳಾ ಒಡದ ಗಡಿಗಿ ತೂತಿನ್ಯಾಗ ಕುಂಡ್ರಿಸಿ, ನಡುವ ಕೊಳವಿ ಏರಿಸಿ, ಸಂದ್ಯಾಗ ಬೂದಿ ತುರುಕಿದ. ಒಲಿ ಹಚ್ಚಿದ್ರ ಹೊಗಿ ಸೀದಾ ಮ್ಯಾಲೆ. ಆಯಿ ರೂಢಿಗೆ ಸೆರಗು ಕಣ್ಣಿಗೆ ಒಯ್ದಳು. ಒರಸಾಕ ನೀರ ಇರಲಿಲ್ಲ. ಮಳಿ ಬಿಡುವು ಕೊಟ್ಟ ದಿನಾ ಅವು. ಎಂಟೇ ದಿನದಾಗ ಆಕಿ ಕೆಮ್ಮು ಇಳೀತು, ನನಗ ಒಂದ ದಮ್ಮಿನ್ಯಾಗ ಬೈಯೂವಷ್ಟು ಉಸರು ಬಂತು. ಆ ಬೈಗಳ ಕೇಳಾಕಂತ ಬೇಕಂತ ತಪ್ಪು ಮಾಡತಿದ್ದೆ.

ಪಂಚಮಿಗೆ ಅತ್ತಿ ಬಂದಳು. ಅಡಗಿಮನ್ಯಾಗ ಕುಂತು, ಮೂಗು ಏರಿಸಿ ಮೂಸಿ, "ಪರವಾಗಿಲ್ಲ ಬಿಡು, ಇಲ್ಲೇ ಇರವಾ," ಅಂದಳು. ಆಯಿ ಉಂಡಿಗೆ ಎಳ್ಳು ಹುರೀತಿದ್ದಳು. ಅಷ್ಟರಾಗ ಮಳಿ ಬಂತು. ಇರಚಲಾ ಹೊಡೀತೈತಂತ ಅತ್ತಿ ಬಾಗಲಾ ಹಾಕಿದಳು. ನಾ ಮಾಳಿಗಿ ಏರಿ ಓಡಿದೆ. ಹನ್ನೊಂದು ಕಿಂಡಿ ಮುಚ್ಚಿದೆ. ಅದ ಓಟದಾಗ ನಮ್ಮ ಕೊಳವಿ ಬಾಯಿಗೂ ತೊಯ್ದ ಗೋಣಿಚೀಲ ಹಾಕಿ ಕಲ್ಲು ಹೇರಿದೆ. ಮಾಳಿಗಿಮ್ಯಾಲೆ ತೂತು ಕಂಡ್ರ ಮುಚ್ಚೂದು ಕೈಗೆ ಅಷ್ಟು ರೂಢಿ. ಓಣಿ ತುದ್ಯಾಗ ನಿಂತು, "ನೋಡಿದ್ರ್ಯಾ, ಇವತ್ತು ಹನ್ನೆರಡು," ಅಂತ ಬಡಾಯಿ ಕೊಚ್ಚೂ ಹೊತ್ತಿನ್ಯಾಗ ಅತ್ತಿ ಒದರೂದು ಕೇಳಿತು. ನಾ ಇಳದು ಬರೂದರೊಳಗ ಅಪ್ಪ ಆಯಿನ್ನ ಎತ್ತಿ ತಂದು ಕಟ್ಟಿಮ್ಯಾಲೆ ಮಲಗಿಸಿದ್ದ. ತುಟಿ ನೀಲಿಗಟ್ಟಿದ್ದವು. ಮಳಿಯೊಳಗ ಎಷ್ಟೋ ಹೊತ್ತಿಗೆ ಉಸರು ತಿರುಗಿತು. ಅತ್ತಿ ಅಪ್ಪನ ಕಡೆ ನೋಡಿ, "ಗಂಟು ಕಟ್ಟು," ಅಂದಳಷ್ಟ.

ಮರುದಿನ ಬಸ್ಸು ಬಿಡೂ ಮುಂದ ಆಯಿ ಕಿಡಕ್ಯಾಗಿಂದ, "ದೀಪಾವಳಿಗೆ ಬರತೇನಿ ಕಳ್ಳಾ, ಒಲಿ ಸಾರಿಸಿಡು," ಅಂತ ನಕ್ಕಳು. ಸಂಜಿಗೆ ಮಕ್ತುಮ ಕಾಕಾ ಬಂದು ಕೊಳವಿಗೆ ಮೂರು ಕಾಲಿನ ತಗಡಿನ ಟೊಪಿಗಿ ಕೂಡಿಸಿದ. ಮಳಿ ಒಳಗ ಇಳ್ಯಾಂಗಿಲ್ಲ, ಹೊಗಿ ನಿಲ್ಲಾಂಗಿಲ್ಲ. "ಇದನ್ನ ಮೊದಲ ಹಾಕಬೇಕಿತ್ತಪಾ, ತಗಡು ಸಾಲಲಿಲ್ಲ," ಅಂತ ಮಾರಿ ಬ್ಯಾರೆ ಕಡೆ ಹೊಳ್ಳಿಸಿದ. ಅಪ್ಪ ರೊಟ್ಟಿ ಬಡ್ಯಾಕ ಕಲತ. ಮನ್ಯಾಗ ಒಬ್ಬರೂ ಕೆಮ್ಮತಿರಲಿಲ್ಲ. ದೀಪಾವಳಿ ಬಂತು, ಹೋತು. ಆಯಿ ಮತ್ತ ನಮ್ಮ ಹೊಸ್ತಲಾ ತುಳೀಲಿಲ್ಲ.

ಇದರಾಗ ಡಬ್ಬಿ ಖರೇ, ಗಡಿಗಿ ಖರೇ, ಎರಡನೇ ಹನಿ ಬೀಳೂದರೊಳಗ ಹನ್ನೊಂದು ಕಿಂಡಿ ಮುಚ್ಚಿದ್ದೂ ಖರೇನ. ಒಂದು ಮಾತು ಮಾತ್ರ ನಾ ಕೂಡಿಸಿದ್ದು. ಕಿಡಕ್ಯಾಗಿಂದ ಆಯಿ ಏನೂ ಅನ್ನಲಿಲ್ಲ. ಬಸ್ಸಿನ ಬಾಜು ನಾ ಊರ ಅಗಸಿತನಕ ಓಡಿದೆ. ಆಕಿ ಸೆರಗು ಬಾಯಿಗೆ ಒತ್ತಿಕೊಂಡು ಮುಂದ ನೋಡಿಕೋತ ಕುಂತಿದ್ದಳು.