ನೆತ್ತಿಗೆ ತಿರುಗದ ತಟ್ಟೆ

ಹವಾಮಾನ ಕಚೇರಿಯ ರೇಡಾರ್ ನೋಡಿಕೊಳ್ಳುತ್ತಿದ್ದವನಿಗೆ ಎಲ್ಲರೂ ಇಟ್ಟ ಹೆಸರು ಬನ್ನು. ಮಳೆಹನಿಯನ್ನು ಯಾರಾದರೂ ಕಣ್ಣೀರಿನ ಆಕಾರದಲ್ಲಿ ಬರೆದರೆ ಸಾಕು, ಅವನಿಗೆ ಕೋಪ ಮೂಗಿನ ತುದಿಗೆ ಬರುತ್ತಿತ್ತು. "ಅಲ್ರೀ, ದೊಡ್ಡ ಹನಿ ಬೀಳುವಾಗ ಗಾಳಿ ಒತ್ತಿ ಅಡಿ ಚಪ್ಪಟೆ ಆಗುತ್ತೆ. ಥೇಟ್ ಬನ್ನು!"

ಅವನ ಅನ್ನವೇ ಆ ಚಪ್ಪಟೆಯ ಮೇಲೆ ನಿಂತಿತ್ತು ಅನ್ನಿ. ರೇಡಾರ್ ಎರಡು ಬಗೆಯ ಅಲೆ ಬಿಡುತ್ತದೆ: ಒಂದು ಮಲಗಿದ್ದು, ಒಂದು ನಿಂತದ್ದು. ಚಪ್ಪಟೆ ಹನಿಗೆ ತಾಗಿದರೆ ಮಲಗಿದ ಅಲೆ ಜೋರಾಗಿ ಮರಳುತ್ತದೆ, ಅಂದರೆ ದೊಡ್ಡ ಮಳೆ. ಆಲಿಕಲ್ಲು ಉರುಳಾಡುತ್ತ ಬೀಳುವುದರಿಂದ ಎರಡೂ ಸಮ. ಯಂತ್ರ ನಿಜ ಹೇಳುತ್ತಿದೆಯೇ ಎಂದು ನೋಡಲು ಜಿಟಿಜಿಟಿ ಮಳೆ ಬಂದಾಗಲೆಲ್ಲ ರೇಡಾರಿನ ತಟ್ಟೆಯನ್ನು ನೆತ್ತಿಗೆ, ಅಂದರೆ ನೇರ ಮೇಲಕ್ಕೆ, ತಿರುಗಿಸಬೇಕು. ಕೆಳಗಿನಿಂದ ನೋಡಿದರೆ ಎಲ್ಲ ಹನಿಯೂ ದುಂಡೇ, ಅಲೆಗಳು ಸಮ ಬರಲೇಬೇಕು. ಹತ್ತು ನಿಮಿಷದ ಕೆಲಸ.

ಅಯ್ಯೋ, ಆ ಹತ್ತು ನಿಮಿಷಕ್ಕೆ ಒಂದು ಬೆಳಿಗ್ಗೆ ಅವನಿಗೆ ಮೈಗಳ್ಳತನ ಬಂತು. ಹೊರಗೆ ಜಿಟಿಜಿಟಿ, ಕೈಯಲ್ಲಿ ಬಿಸಿ ಚಹಾ. ನಾಳೆ ಮಾಡಿದರಾಯಿತು ಎಂದುಕೊಂಡ.

ಮಧ್ಯಾಹ್ನ ಹಾಲಿನ ವ್ಯಾನ್ ಓಡಿಸುವ ತಮ್ಮನ ಫೋನು. "ಅಣ್ಣಾ, ತಗ್ಗು ಸೇತುವೆ ಹತ್ರ ನಿಂತಿದೀನಿ. ಬೆಟ್ಟದ ಕಡೆ ಕಪ್ಪಾಗಿದೆ. ದಾಟ್ಲಾ, ಬೇಡ್ವಾ?"

ಪರದೆಯಲ್ಲಿ ಬೆಟ್ಟದ ಮೇಲೆ ಕೆಂಪು ಮುದ್ದೆ, ಎರಡು ಅಲೆಯೂ ಸಮ. "ಆಲಿಕಲ್ಲು ಕಣೋ, ಹೊಳೆ ಏರೋ ಮಳೆಯಲ್ಲ. ಬೇಗ ದಾಟ್ಬಿಡು, ಗಾಜು ಒಡೆದೀತು."

ವ್ಯಾನ್ ನಡುಸೇತುವೆಯಲ್ಲಿದ್ದಾಗ ಹೊಳೆ ನುಗ್ಗಿತು. ಸಂಜೆ, ಮಳೆ ಸಣ್ಣಗಾದ ಮೇಲೆ, ಅವನು ತಟ್ಟೆಯನ್ನು ನೆತ್ತಿಗೆ ತಿರುಗಿಸಿದ. ಅಲೆಗಳು ಸಮ ಬರಲಿಲ್ಲ; ಯಂತ್ರ ಮಲಗಿದ ಅಲೆಯನ್ನು ಕಡಿಮೆ ತೋರಿಸುತ್ತಿತ್ತು, ದೊಡ್ಡ ಮಳೆಯೇ ಆಲಿಕಲ್ಲಿನಂತೆ ಕಂಡಿತ್ತು. ತಮ್ಮನನ್ನು ಕೊಂದವನು ತಾನೇ ಎಂದು ಅವನಿಗೆ ಆಗಲೇ ಗೊತ್ತಾಯಿತು. ಯಾರೂ ಕೇಳಲಿಲ್ಲ, ಅವನೂ ಬಾಯಿ ಬಿಡಲಿಲ್ಲ.

ಹತ್ತು ವರ್ಷ ಪ್ರತಿ ಭಾನುವಾರ ತಮ್ಮನ ಮನೆಗೆ ಹೋದ. ತಮ್ಮನ ಹೆಂಡತಿ ಚಹಾ ಕೊಟ್ಟು ಅದೇ ಮಾತಾಡುತ್ತಿದ್ದಳು. "ನಿಮ್ಮ ತಮ್ಮನಿಗೆ ಹುಟ್ಟಿದಾಗ್ಲಿಂದ ಆತುರ, ಭಾವ. ಹತ್ತು ನಿಮಿಷ ನಿಂತಿದ್ರೆ ಯಾರ ಗಂಟು ಹೋಗ್ತಿತ್ತು?" ಆ ಸಿಟ್ಟಿಗೆ ಗಂಡನ ಫೋಟೋವನ್ನು ಬೀರುವಿನಲ್ಲಿ ಬಟ್ಟೆಯಡಿ ಇಟ್ಟಿದ್ದಳು. ಅವನು ಮಾತು ನುಂಗಿಕೊಂಡು ಬರುತ್ತಿದ್ದ.

ನಿವೃತ್ತಿಯಾದ ಮರುದಿನ ನುಂಗಲಾಗಲಿಲ್ಲ. "ಅವನು ನಿಂತಿದ್ದನಮ್ಮ. ನನ್ನ ಕೇಳ್ದ. ನಾನೇ ದಾಟು ಅಂದೆ." ಚಹಾ, ತಟ್ಟೆ, ಎಲ್ಲ ಹೇಳಿದ.

ಅವಳು ಬೀರು ತೆಗೆದು ಫೋಟೋ ಹೊರಗಿಟ್ಟಳು. ಅಂಗೈಯಿಂದ ಒರೆಸಿದಳು.

"ಒಂದು ಬೆಳಿಗ್ಗೆ ಉದಾಸೀನ ಮಾಡಿದ್ರಿ, ಅದನ್ನ ಹೇಗೋ ತಡ್ಕೋತೀನಿ ಭಾವ. ಹತ್ತು ವರ್ಷ ನಾನು ಸತ್ತೋರನ್ನ ಬೈದೆ. ನೀವು ಚಹಾ ಕುಡೀತಾ ಕೇಳ್ತಾ ಕೂತಿದ್ರಲ್ಲ!"

ಅವನು ಎದ್ದು ಚಪ್ಪಲಿ ಮೆಟ್ಟಿಕೊಂಡ. ಒಳಗೆ ಅವಳು ಫೋಟೋದ ಜೊತೆ ಮಾತಾಡುತ್ತಿದ್ದಳು. "ನಿಂತು ಕೇಳಿದ್ರಂತಲ್ರೀ ನೀವು. ನನಗೆ ಗೊತ್ತೇ ಇರ್ಲಿಲ್ಲ."